ಮಕ್ಕಳೊಟ್ಟಿಗೆ ಕಾಸರಗೋಡಿನ ಕೋಟೆಗಳಿಗೆ: ಎರಡು ದಿನದ ಪ್ರಯಾಣ ಹೀಗೆ ಮಾಡಿ

ದಿನಕ್ಕೆ ಒಂದೇ ದೊಡ್ಡ ಜಾಗ. ಅದರ ಜೊತೆ ಒಂದು ಸಣ್ಣ ಜಾಗ. ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹಳೆಯ ಕೋಟೆ, ದೇವಸ್ಥಾನ ನೋಡಲು ಹೊರಡುವವರು ಇದೊಂದನ್ನು ನೆನಪಿಟ್ಟುಕೊಂಡರೂ ಅರ್ಧ ಕೆಲಸ ಆದ ಹಾಗೆ.

ಎರಡು ವರ್ಷದ ಹಿಂದೆ ನಾವು ಹಾಗೆ ಮಾಡಲಿಲ್ಲ. ಮಗಳಿಗೆ ಆಗ ಏಳು ವರ್ಷ. ಬದಿಯಡ್ಕದಿಂದ ಬೆಳಿಗ್ಗೆ ಹತ್ತಕ್ಕೆ ಹೊರಟು ಮಧೂರು, ಅನಂತಪುರದ ದೇವಸ್ಥಾನ, ಆರಿಕ್ಕಾಡಿ, ಚಂದ್ರಗಿರಿ, ಬೇಕಲದ ಕೋಟೆ ಎಲ್ಲ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರುವುದು ಅಂತ ಲೆಕ್ಕ ಹಾಕಿದ್ದೆವು. ಮಧೂರಿನಲ್ಲಿ ಜನ ಜಾಸ್ತಿ ಇದ್ದು ತಡವಾಯಿತು. ಅನಂತಪುರ ಮುಟ್ಟುವಾಗ ಒಂದು ಗಂಟೆ, ನಡೆ ಮುಚ್ಚಿತ್ತು. ಆರಿಕ್ಕಾಡಿ ಕೋಟೆಯನ್ನು ಕಾರಿನ ಕಿಟಕಿಯಿಂದಲೇ ತೋರಿಸಿದೆವು. ಚಂದ್ರಗಿರಿಯನ್ನು ವಾಪಸ್ ಬರುವಾಗ ನೋಡುವಾ ಅಂತ ಬಿಟ್ಟೆವು. ಬೇಕಲದಲ್ಲಿ ಇಳಿಯುವಾಗ ಎರಡೂವರೆ, ಕಲ್ಲು ಕಾದು ಕಾವಲಿಯ ಹಾಗಿತ್ತು. ಮಗು ಸರಿಯಾಗಿ ಊಟ ಮಾಡಿರಲಿಲ್ಲ. ಕೋಟೆ ಬಾಗಿಲಿನ ನೆರಳಲ್ಲಿ ಕೂತು "ಅಮ್ಮಾ, ಮನೆಗೆ ಹೋಗುವಾ" ಅಂತ ಅಳಲು ಶುರು ಮಾಡಿದಳು. ಅವಳದ್ದೇನೂ ತಪ್ಪಿರಲಿಲ್ಲ. ಅಷ್ಟು ದೂರ ಹೋಗಿ ಅವಳು ನೋಡಿದ್ದು ಬಾಗಿಲು ಮಾತ್ರ ಅಂತ ನನಗೆ ಬಹಳ ದಿನ ಬೇಸರ ಇತ್ತು.

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಪುನಃ ಹೋದೆವು. ಈ ಸಲ ಎರಡು ದಿನ. ಮಗಳು, ಐದು ವರ್ಷದ ಮಗ, ನಾವಿಬ್ಬರು, ಜೊತೆಗೆ ಮಾವ, ಅಂದರೆ ಮಕ್ಕಳ ಅಜ್ಜ. ರಾತ್ರಿ ಉದುಮದಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಮಕ್ಕಳು ಇವತ್ತಿಗೂ ಆ ಎರಡು ದಿನದ ಮಾತಾಡುತ್ತಾರೆ. ನಾವು ಏನು ಬದಲಾಯಿಸಿದೆವು, ನೀವು ಏನು ಮಾಡಬಹುದು ಅಂತ ಹೇಳುತ್ತೇನೆ.

ಮೊದಲನೆಯದು, ಒಂದು ಎಳೆ ಹಿಡಿಯಿರಿ. ಕಾಸರಗೋಡು ಜಿಲ್ಲೆಯಲ್ಲಿ ನೋಡುವ ಜಾಗ ಬೇಕಾದಷ್ಟಿವೆ. ಎಲ್ಲವನ್ನೂ ಕಲಸಿ ಕೊಟ್ಟರೆ ಮಕ್ಕಳಿಗೆ ಯಾವುದೂ ನಿಲ್ಲುವುದಿಲ್ಲ. ನಾವು ಹಿಡಿದದ್ದು ಕೆಳದಿಯ ನಾಯಕರ ಎಳೆ. ಈ ಕರಾವಳಿಯಲ್ಲಿ ಕೆಂಪು ಕಲ್ಲಿನ ಕೋಟೆಗಳು ಒಂದರ ಹಿಂದೆ ಒಂದು ಇರುವುದು ಸುಮ್ನೆ ಅಲ್ಲ. ಈಗಿನ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಕೆಳದಿ, ಇಕ್ಕೇರಿ ಅಂತ ಊರುಗಳಿವೆ. ಅಲ್ಲಿಂದ ಆಳಿದ ನಾಯಕರು ಘಟ್ಟ ಇಳಿದು ಕರಾವಳಿಯನ್ನು ಹಿಡಿದರು, ಅಕ್ಕಿ ಮತ್ತು ಕಾಳುಮೆಣಸಿನ ವ್ಯಾಪಾರವನ್ನು ಕೈಯಲ್ಲಿ ಇಟ್ಟುಕೊಂಡರು, ಅದನ್ನು ಕಾಯಲು ಕಡಲ ಬದಿಯಲ್ಲಿ ಕೋಟೆ ಕಟ್ಟಿದರು. ಅವರಲ್ಲಿ ಹೆಚ್ಚು ಹೆಸರು ಮಾಡಿದವನು ಶಿವಪ್ಪ ನಾಯಕ. 1645ರಿಂದ 1660ರವರೆಗೆ ಆಳಿದವನು. ಬೇಕಲ, ಚಂದ್ರಗಿರಿ ಎರಡೂ ಅವನ ಹೆಸರಿನಲ್ಲಿವೆ. ಕಾಞಂಗಾಡಿನ ಹೊಸದುರ್ಗ ಸೋಮಶೇಖರ ನಾಯಕ ಕಟ್ಟಿಸಿದ್ದು.

ಮಕ್ಕಳಿಗೆ ಇಷ್ಟನ್ನೇ, ಕತೆಯ ಹಾಗೆ, ಹೊರಡುವ ಹಿಂದಿನ ರಾತ್ರಿ ಹೇಳಿ. ಘಟ್ಟದ ಮೇಲೆ ಒಬ್ಬ ರಾಜ, ಅವನಿಗೆ ಕಡಲು ಬೇಕಿತ್ತು. ಇಷ್ಟು ಸಾಕು. ಇಸವಿ ಹೇಳಿ ಬಾಯಿಪಾಠ ಮಾಡಿಸಬೇಡಿ. ಕೋಟೆ ನೋಡಿದ ಮೇಲೆ ಇಸವಿಯನ್ನು ಅವರೇ ಕೇಳುತ್ತಾರೆ.

ಎರಡನೆಯದು ನಕ್ಷೆ. ಫೋನಿನ ಮ್ಯಾಪ್ ಡ್ರೈವರಿಗೆ ಇರಲಿ, ಮಕ್ಕಳ ಕೈಗೆ ಕಾಗದ ಕೊಡಿ. ಒಂದು ಉದ್ದದ ಹಾಳೆಯಲ್ಲಿ ಎಡಗಡೆ ಉದ್ದಕ್ಕೆ ನೀಲಿ ಗೆರೆ ಎಳೆಯಿರಿ, ಅದು ಕಡಲು. ಮೇಲೆ ತಲಪಾಡಿ, ಕೆಳಗೆ ಕಾಞಂಗಾಡು. ಮಧ್ಯೆ ಹೊಳೆಗಳನ್ನು ಎಳೆಯಿರಿ. ಕೇರಳದ 44 ನದಿಗಳಲ್ಲಿ 12 ನಮ್ಮ ಈ ಸಣ್ಣ ಜಿಲ್ಲೆಯಲ್ಲೇ ಇವೆ. ಉತ್ತರದಿಂದ ಬಂದರೆ ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ, ಕಳನಾಡು, ಬೇಕಲ, ಚಿತ್ತಾರಿ ಹೀಗೆ ಒಂದೊಂದಾಗಿ ಸಿಗುತ್ತವೆ. ಸಂಕ, ಅಂದರೆ ಸೇತುವೆ, ದಾಟುವಾಗಲೆಲ್ಲ ಮಗು ಒಂದು ಗುರುತು ಹಾಕಬೇಕು, ಅದೇ ಅದರ ಕೆಲಸ. ಮಂಜೇಶ್ವರ ಹೊಳೆ 16 ಕಿಲೋಮೀಟರ್ ಮಾತ್ರ, ಕೇರಳದ ಅತಿ ಚಿಕ್ಕ ನದಿ. ಚಂದ್ರಗಿರಿ 105 ಕಿಲೋಮೀಟರ್, ಕೊಡಗಿನ ಕಡೆಯಿಂದ ಪಯಸ್ವಿನಿಯಾಗಿ ಹರಿದು ಬರುತ್ತದೆ. ನನ್ನ ಮಗನಿಗೆ ಓದಲು ಬರುವುದಿಲ್ಲ, ಆದರೆ ಹೊಳೆ ಲೆಕ್ಕ ಮಾಡಲು ಬರುತ್ತದೆ. ಕುಂಬಳೆಯಿಂದ ಬೇಕಲದವರೆಗೆ ಅವನು ಫೋನ್ ಕೇಳಲೇ ಇಲ್ಲ. "ಅಮ್ಮಾ, ಹೊಳೆ ಬಂತು!" ಅಂತ ಕೂಗುವುದೇ ಅವನಿಗೆ ಸಾಕಾಯಿತು.

ದೊಡ್ಡ ಮಗುವಿಗೆ ಊರಿನ ಹೆಸರುಗಳ ಕೆಲಸ ಕೊಡಿ. ನಮ್ಮ ಊರಿನಲ್ಲಿ ಇದಕ್ಕೆ ಬೇರೆಯೇ ರುಚಿ ಇದೆ. ಒಂದೇ ಬಸ್ ಸ್ಟಾಂಡಿನ ಹತ್ತಿರ ಮಲಯಾಳ ಬೋರ್ಡು, ಇಂಗ್ಲಿಷ್ ಬೋರ್ಡು, ಸ್ವಲ್ಪ ಆಚೆ ದೇವಸ್ಥಾನದ ಕನ್ನಡ ಬೋರ್ಡು. ಮಗಳು ಕನ್ನಡ ಶಾಲೆಗೆ ಹೋಗುವವಳು, ಮಲಯಾಳವನ್ನೂ ಕೂಡಿಸಿ ಕೂಡಿಸಿ ಓದುತ್ತಾಳೆ. ಕುಂಬಳೆ ಅಂತ ನಾವು ಹೇಳುವುದು ಬೋರ್ಡಿನಲ್ಲಿ ಹೇಗಿದೆ, ಮಧೂರು ಹೇಗಿದೆ ಅಂತ ಒಂದು ಇನ್ನೂರು ಪುಟದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಬಂದಳು. ಅವಳಿಗೆ ಭಾರೀ ಖುಷಿಯಾದದ್ದು ಹೊಸದುರ್ಗದಲ್ಲಿ. ಕನ್ನಡದಲ್ಲಿ ಹೊಸ ದುರ್ಗ. ಅದೇ ಜಾಗಕ್ಕೆ ಮಲಯಾಳದಲ್ಲಿ ಪುದಿಯಕೋಟೆ ಅಂತಾರೆ. ಪುದಿಯ ಅಂದರೆ ಹೊಸತು. "ಅಜ್ಜಾ, ಎರಡೂ ಒಂದೇ!" ಅಂದಳು. ಹೌದು, ಎರಡೂ ಒಂದೇ. ಇಂಗ್ಲಿಷಿನಲ್ಲಿ ಬರೆದಾಗ ಅದು ಹೊಸ್ದುರ್ಗ್ ಆಗಿ ಯಾರಿಗೂ ಅರ್ಥ ಆಗದ ಹಾಗೆ ಆಗಿದೆ, ಆದರೆ ಒಳಗೆ ಕನ್ನಡ ಹಾಗೇ ಕೂತಿದೆ. ಇಂಥದ್ದನ್ನು ಮಗು ತಾನೇ ಕಂಡುಹಿಡಿಯಲು ಬಿಡಬೇಕು. ನಾವು ಮೊದಲೇ ಹೇಳಿಬಿಟ್ಟರೆ ಆ ಸುಖ ಹೋಗುತ್ತದೆ.

ಇನ್ನು ಹೊತ್ತು ಮತ್ತು ಕಾಲ. ಕ್ರಿಸ್‌ಮಸ್ ರಜೆಯೇ ಒಳ್ಳೆಯದು. ಓಣಂ ರಜೆಯಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಕೋಟೆಯ ಮೆಟ್ಟಿಲಲ್ಲಿ ಹಾವಸೆ ಹಿಡಿದು ಕಾಲಿಟ್ಟರೆ ಜಾರುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬೇಕಲದಂಥ ಬಯಲು ಕೋಟೆಯಲ್ಲಿ ಮಕ್ಕಳನ್ನು ನಡೆಸುವುದು ಬೇಡವೇ ಬೇಡ. ಯಾವ ತಿಂಗಳಾದರೂ ಬೆಳಿಗ್ಗೆ ಏಳಕ್ಕೆ ಮನೆ ಬಿಡಿ. ಹನ್ನೊಂದೂವರೆಯಿಂದ ಮೂರೂವರೆಯವರೆಗೆ ಕಲ್ಲಿನ ಮೇಲೆ ಇರಬೇಡಿ. ಆ ಹೊತ್ತು ಊಟಕ್ಕೆ, ನಿದ್ದೆಗೆ, ನೆಂಟರ ಮನೆಗೆ.

ತಿಂಡಿ ಮನೆಯಿಂದಲೇ ಕಟ್ಟಿಕೊಳ್ಳಿ. ನಾನು ಬನ್ಸ್ ಮಾಡಿದ್ದೆ, ಡಬ್ಬದಲ್ಲಿ ಒಗ್ಗರಣೆ ಅವಲಕ್ಕಿ, ಒಂದು ಬಾಟ್ಲಿ ಪುನರ್ಪುಳಿ ಶರಬತ್ತು. ಎಣ್ಣೆ ಜಾಸ್ತಿ ಇರುವ ಗೋಳಿಬಜೆ ದಾರಿಯಲ್ಲಿ ಬೇಡ, ವಾಂತಿ ಮಾಡುವ ಮಕ್ಕಳಿದ್ದರೆ ಖಂಡಿತ ಬೇಡ. ಬೊಂಡ, ಅಂದರೆ ಎಳನೀರು, ದಾರಿಯುದ್ದಕ್ಕೂ ಸಿಗುತ್ತದೆ, ಅದನ್ನು ಕುಡಿಸಿ. ಟೊಪ್ಪಿ ಬೇಕೇ ಬೇಕು. ಮಾವ ಇಬ್ಬರಿಗೂ ತೋಟದ ಅಡಿಕೆ ಹಾಳೆಯಲ್ಲಿ ಮುಟ್ಟಾಳೆ ಮಾಡಿ ಕೊಟ್ಟಿದ್ದರು. ಬೇಕಲದ ಗಾಳಿಗೆ ಬಟ್ಟೆಯ ಟೊಪ್ಪಿ ಹಾರಿಹೋಗುತ್ತದೆ, ತಲೆಗೆ ಅಳತೆ ಮಾಡಿದ ಹಾಳೆ ಟೊಪ್ಪಿ ಗಟ್ಟಿ ಕೂರುತ್ತದೆ, ತಲೆಯೂ ತಂಪು.

ದಾರಿಯ ಬಗ್ಗೆ ಎರಡು ಮಾತು. ಅಗಲ ಮಾಡಿದ ಹೊಸ ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆಗೆ ಇಳಿಯುವ ಜಾಗ ತಪ್ಪಿದರೆ ಸುಮಾರು ಮುಂದೆ ಹೋಗಿ ತಿರುಗಬೇಕು, ಹಾಗಾಗಿ ಕುಂಬಳೆ ಹತ್ತಿರ ಬರುವಾಗ ವೇಗ ಕಡಿಮೆ ಮಾಡಿ. ಇನ್ನೊಂದು, ಬೇಕಲ ಹೆದ್ದಾರಿಯ ಬದಿಯಲ್ಲಿಲ್ಲ. ಹೆದ್ದಾರಿ ಕಾಸರಗೋಡು ದಾಟಿದ ಮೇಲೆ ಚೆರ್ಕಳ, ಪೆರಿಯ ಅಂತ ಒಳನಾಡಿಗೆ ತಿರುಗುತ್ತದೆ. ನೀವು ಪೇಟೆಯಿಂದ ಚಂದ್ರಗಿರಿ ಸಂಕದ ಮೇಲೆ ಹೋಗುವ ಕರಾವಳಿ ರಸ್ತೆ ಹಿಡಿಯಬೇಕು. ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು, ಆಮೇಲೆ ಬೇಕಲ. ಕಾಸರಗೋಡಿನಿಂದ ಸುಮಾರು 16 ಕಿಲೋಮೀಟರ್.

ಮೊದಲ ದಿನದ ದೊಡ್ಡ ಜಾಗ ಅನಂತಪುರ. ಇದು ಕೋಟೆ ಅಲ್ಲ, ದೇವಸ್ಥಾನ. ಆದರೂ ಇದನ್ನೇ ಮೊದಲು ಇಟ್ಟೆವು, ಯಾಕೆಂದರೆ ಮಕ್ಕಳಿಗೆ ಒಂದೇ ನೋಟದಲ್ಲಿ ಹಿಡಿಸುವ ಜಾಗ. ಕುಂಬಳೆಯಿಂದ ನಾಯ್ಕಾಪಿನ ದಾರಿಯಲ್ಲಿ ಐದಾರು ಕಿಲೋಮೀಟರ್. ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ, ಗುಡ್ಡೆಯ ಮೇಲೆ ಎತ್ತ ನೋಡಿದರೂ ಬೋಳು ಪಾರೆ, ಅದರ ನಡುವೆ ಇಳಿದರೆ ಹಸಿರು ನೀರಿನ ಕೆರೆ, ಕೆರೆಯ ನಡುವೆ ಗುಡಿ. ಕೇರಳದಲ್ಲಿ ಕೆರೆಯ ಒಳಗಿರುವ ದೇವಸ್ಥಾನ ಇದೊಂದೇ ಅಂತಾರೆ. ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನ ಇದು ಅಂತ ನಂಬಿಕೆ. ಮಕ್ಕಳಿಗೆ ವಿಲ್ವಮಂಗಲ ಸ್ವಾಮಿಯ ಕತೆಯನ್ನು ಕೆರೆಯ ಮೆಟ್ಟಿಲಲ್ಲಿ ಕೂತೇ ಹೇಳಿ: ಸ್ವಾಮಿಗಳ ಸೇವೆಗೆ ಬಂದಿದ್ದ ಪುಟ್ಟ ಹುಡುಗ ಬೇಸರ ಮಾಡಿಕೊಂಡು ಗುಹೆಯಲ್ಲಿ ಮಾಯವಾದದ್ದು, ಸ್ವಾಮಿಗಳು ಹುಡುಕುತ್ತಾ ಹೋದದ್ದು. ಗುಹೆ ಅಲ್ಲೇ ಇದೆ, ತೋರಿಸಬಹುದು.

ಮೊಸಳೆಯ ಮಾತು ಬಂದೇ ಬರುತ್ತದೆ. ಪ್ರಸಾದದ ಅನ್ನ ತಿಂದುಕೊಂಡು ಎಷ್ಟೋ ವರ್ಷ ಈ ಕೆರೆಯಲ್ಲಿದ್ದ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. ಮಗುವಿಗೆ ಇದನ್ನು ಮುಚ್ಚಿಡಬೇಡಿ, ಸುಮ್ನೆ ಆಸೆ ಹುಟ್ಟಿಸಿ ಕರ್ಕೊಂಡು ಹೋಗಬೇಡಿ. ಮರುವರ್ಷ ಇನ್ನೊಂದು ಮರಿ ಮೊಸಳೆ ಕಾಣಿಸಿಕೊಂಡದ್ದೂ ಹೌದು. ಆದ್ದರಿಂದ ಕೆರೆಯ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ. ನೀರಿಗೆ ಕಾಲು ಇಳಿಬಿಟ್ಟು ಕೂರುವುದು ಬೇಡ.

ಗುಡಿಯ ಎದುರಿನ ಮಂಟಪದಲ್ಲಿ ತಲೆ ಎತ್ತಿ ನೋಡಲು ಹೇಳಿ. ಮರದ ಮಾಡಿನಲ್ಲಿ ದಶಾವತಾರದ ಕೆತ್ತನೆ ಇದೆ. ಹತ್ತರಲ್ಲಿ ಎಷ್ಟನ್ನು ಗುರುತು ಹಿಡಿಯುತ್ತಾರೆ ನೋಡಿ. ನಮ್ಮಲ್ಲಿ ಯಕ್ಷಗಾನ ನೋಡಿ ಬೆಳೆದ ಮಕ್ಕಳಿಗೆ ಇದು ಕಷ್ಟವಲ್ಲ. ಕುಂಬಳೆ ತೆಂಕುತಿಟ್ಟು ಯಕ್ಷಗಾನದ ಪಿತಾಮಹ ಪಾರ್ತಿಸುಬ್ಬನ ಊರು ಅಂತ ಮಾವ ಅಲ್ಲೇ ಹೇಳಿದರು, ಮಗಳು ಅದನ್ನೂ ಪುಸ್ತಕಕ್ಕೆ ಹಾಕಿದಳು. ಬೆಳಿಗ್ಗೆ ಎಂಟಕ್ಕೆ ಮುಟ್ಟಿದರೆ ಜನ ಕಡಿಮೆ. ಮಧ್ಯಾಹ್ನ ನಡೆ ಮುಚ್ಚಿದರೆ ಸಂಜೆಯೇ ತೆರೆಯುವುದು. ಈ ಕಡೆಯ ಹೆಚ್ಚಿನ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಪಂಚೆ ಅಥವಾ ಶಾಲು ಒಂದು ಕಾರಿನಲ್ಲಿರಲಿ. ಫೋಟೋ ತೆಗೆಯುವ ಮೊದಲು ಕೇಳಿ.

ಅಲ್ಲಿಂದ ಇಳಿದು ಬಂದರೆ ಸಣ್ಣ ಜಾಗ, ಆರಿಕ್ಕಾಡಿ ಕೋಟೆ. ಹೆದ್ದಾರಿಯ ಬದಿಯಲ್ಲೇ ಇದೆ. ಅರ್ಧ ಗಂಟೆ ಸಾಕು. ದೊಡ್ಡದಾಗಿ ಏನೂ ಉಳಿದಿಲ್ಲ, ಅದು ಒಳ್ಳೆಯದೇ, ಯಾಕೆಂದರೆ ಮಕ್ಕಳಿಗೆ ಇಲ್ಲಿ ಒಂದೇ ಒಂದು ವಿಷಯ ಗಮನಿಸಲು ಹೇಳಬಹುದು. ಕೋಟೆಯೊಟ್ಟಿಗೆ ಹನುಮಂತ ಇದ್ದಾನೆ. ನಾಳೆ ಬೇಕಲದಲ್ಲೂ ಹನುಮಂತ ಸಿಗುತ್ತಾನಾ ನೋಡುವಾ ಅಂತ ಹೇಳಿ ಬಿಟ್ಟುಬಿಡಿ. ಮರುದಿನ ಬೇಕಲದ ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿ ಕಂಡ ಕೂಡಲೇ ನನ್ನ ಮಗ ಕಾರಿನಿಂದ ಇಳಿಯುವ ಮೊದಲೇ ಕೂಗಿದ.

ಸಂಜೆ ಮಧೂರಿಗೆ ಹೋಗುವುದಾದರೆ ಹೋಗಿ. ಮಧುವಾಹಿನಿ ಹೊಳೆಯ ಬದಿ, ತಾಮ್ರದ ಹೊದಿಕೆಯ ಮೂರು ಅಂತಸ್ತು, ಹಿಂದಿನಿಂದ ನೋಡಿದರೆ ಆನೆಯ ಬೆನ್ನಿನ ಆಕಾರ. ಮಕ್ಕಳನ್ನು ಹಿಂದುಗಡೆಗೆ ಕರ್ಕೊಂಡು ಹೋಗಿ ತೋರಿಸಿ, ಎದುರಿನಿಂದ ಅದು ಗೊತ್ತಾಗುವುದಿಲ್ಲ. ಸುಸ್ತಾಗಿದ್ದರೆ ಬಿಡಿ, ಮಧೂರು ಎಲ್ಲಿಗೂ ಓಡುವುದಿಲ್ಲ. ಕುಂಬಳೆಯಿಂದ ಬದಿಯಡ್ಕದ ದಾರಿಯಲ್ಲಿ ಬೇಳದ ಇಗರ್ಜಿ, ಕಾಸರಗೋಡಿನ ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿ ಕೂಡ ಹಳೆಯವು, ಒಂದೊಂದಕ್ಕೂ ಬೇರೆ ದಿನ ಕೊಡಬೇಕು.

ಎರಡನೇ ದಿನ ಬೇಕಲ. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ, ಎಂಟಕ್ಕೆ, ಅಲ್ಲಿರಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ತಿಂಡಿ ಹೊರಗೇ ತಿಂದು ಮುಗಿಸಿ, ಒಳಗೆ ನೀರಿನ ಬಾಟ್ಲಿ ಮಾತ್ರ.

ಬಾಗಿಲಿನ ಹತ್ತಿರ ಪುರಾತತ್ವ ಇಲಾಖೆಯ ನೀಲಿ ಬೋರ್ಡು ಇರುತ್ತದೆ. ಎಲ್ಲರೂ ದಾಟಿ ಹೋಗುತ್ತಾರೆ, ನೀವು ನಿಲ್ಲಿ. ಇದು ಒಂದು ಊರಿನದ್ದಲ್ಲ, ಇಡೀ ದೇಶ ಕಾಪಾಡುವ ಕೋಟೆ ಅಂತ ಮಗುವಿಗೆ ಗೊತ್ತಾಗಬೇಕಾದರೆ ಆ ಬೋರ್ಡು ಓದಬೇಕು. 1958ರ ಸ್ಮಾರಕಗಳ ಕಾಯ್ದೆಯ ಪ್ರಕಾರ ಇಂಥ ಜಾಗಗಳನ್ನು ಕಾಯುತ್ತಾರೆ. 2010ರ ತಿದ್ದುಪಡಿಯ ನಂತರ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಇಲ್ಲದೆ ಕಟ್ಟುವ ಹಾಗಿಲ್ಲ. ಹಾಳು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದನ್ನು ನಾನು ಮಗಳಿಗೆ ಹೇಳಬೇಕಾಗಿ ಬಂದದ್ದು ಒಳಗೆ ಹೋದ ಮೇಲೆ. ಗೋಡೆಯಲ್ಲಿ ಯಾರೋ ಆಣಿಯಿಂದ ಎರಡು ಹೆಸರು ಕೆತ್ತಿದ್ದರು. ಅವಳು ಓದಿ, "ಇವರು ಯಾರಮ್ಮಾ, ರಾಜನ ಕಡೆಯವರಾ?" ಅಂತ ಕೇಳಿದಳು. ಹೊಟ್ಟೆ ಉರಿಯಿತು ನನಗೆ. ನೂರಾರು ವರ್ಷ ಕಡಲ ಗಾಳಿಗೆ ನಿಂತ ಕಲ್ಲಿಗೆ ನಮ್ಮವರೇ ಹೀಗೆ ಮಾಡುತ್ತಾರೆ. ಮಕ್ಕಳಿಗೆ ಇದನ್ನು ಸಿಟ್ಟಿನಿಂದಲ್ಲ, ಬಿಡಿಸಿ ಹೇಳಿ.

ಕಲ್ಲನ್ನು ಮುಟ್ಟಲು ಬಿಡಿ. ಮುರಕಲ್ಲು ನಮ್ಮ ಮನೆಯ ಗೋಡೆಯಲ್ಲೂ ಇದೆ, ಬಾವಿಯ ಕಟ್ಟೆಯಲ್ಲೂ ಇದೆ, ಅದಕ್ಕೇ ನಾವು ಅದನ್ನು ನೋಡುವುದೇ ಇಲ್ಲ. ಬೇಕಲದ ಗೋಡೆಗೆ ಮಗಳು ಮುಖ ಹತ್ತಿರ ತಂದು, ಕಲ್ಲಿನ ತೂತಿಗೆ ಕಿರುಬೆರಳು ತೂರಿಸಿ ಹೊರಗೆ ತೆಗೆದಾಗ ಉಗುರಿನ ಸುತ್ತ ಕೆಂಪು ಹುಡಿ. ಒಳಗೆ ಒಂದು ಸಣ್ಣ ಬಸವನಹುಳದ ಚಿಪ್ಪು ಇತ್ತು, ಅದನ್ನು ಅಲ್ಲೇ ಬಿಟ್ಟಳು. ಈ ಕಲ್ಲು ನೆಲದಿಂದ ಕಡಿಯುವಾಗ ಮೆತ್ತಗೆ ಇರುತ್ತದೆ, ಗಾಳಿ ಬಿಸಿಲು ತಾಗಿದ ಹಾಗೆ ಗಟ್ಟಿಯಾಗುತ್ತದೆ. ಕಬ್ಬಿಣದ ಅಂಶ ಇರುವುದರಿಂದ ಕೆಂಪು ಬಣ್ಣ. ಕೋಟೆ ಕಟ್ಟಿದವರಿಗೆ ಬೇಕಾದಷ್ಟು ಕಲ್ಲು ಕಾಲಡಿಯಲ್ಲೇ ಇತ್ತು ಅಂತ ಮಾವ ಹೇಳಿದರು. ಜಗತ್ತಿನ ಪುಸ್ತಕಗಳಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರು. 1807ರಲ್ಲಿ ಆ ಹೆಸರು ಕೊಟ್ಟ ಫ್ರಾನ್ಸಿಸ್ ಬುಕಾನನ್ ಇದನ್ನು ನೋಡಿದ್ದು ನಮ್ಮ ಕೆಳಗಿನ ಮಲಬಾರಿನಲ್ಲೇ. ಬರುವ ದಾರಿಯಲ್ಲಿ ಕಲ್ಲಿನ ಕೋರೆ ಕಂಡರೆ ಕಾರು ನಿಲ್ಲಿಸಿ ದೂರದಿಂದ ತೋರಿಸಿ, ಆಮೇಲೆ ಕೋಟೆ ನೋಡಿದರೆ ಮಗುವಿಗೆ ಎರಡೂ ಸೇರುತ್ತದೆ.

ಬೇಕಲದಲ್ಲಿ ನೋಡಲೇಬೇಕಾದದ್ದು ಕಡಲ ಬದಿಯ ಗೋಡೆಯ ಕಿಂಡಿಗಳು. ಸುಮ್ನೆ ಗಾಳಿಗೆ ಬಿಟ್ಟ ತೂತುಗಳಲ್ಲ. ಮೇಲಿನ ಕಿಂಡಿ ದೂರದ ಹಡಗಿಗೆ ಗುರಿಯಿಡಲು, ಅದರ ಕೆಳಗಿನದು ಹತ್ತಿರ ಬಂದವರಿಗೆ, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದವರಿಗೆ. ಇದನ್ನು ಮೊದಲು ಹೇಳಬೇಡಿ. ಮಗುವನ್ನು ಒಂದೊಂದರಲ್ಲೂ ಇಣುಕಲು ಹೇಳಿ, ಏನು ಕಾಣುತ್ತದೆ ಅಂತ ಕೇಳಿ. ನನ್ನ ಮಗಳು ಮೊದಲನೆಯದರಲ್ಲಿ "ಬರೀ ಕಡಲು" ಅಂದಳು. ಎರಡನೆಯದರಲ್ಲಿ "ದೋಣಿ". ಮೂರನೆಯದಕ್ಕೆ ಮೊಣಕಾಲೂರಿ ಕೂತು, ಮುಟ್ಟಾಳೆ ತೆಗೆದು, ಬಹಳ ಹೊತ್ತು ನೋಡಿದಳು. "ಕೆಳಗಿನ ಕಲ್ಲು ಮಾತ್ರ ಕಾಣುತ್ತೆ. ತೆರೆ ಬಂದು ಹೊಡೆಯುವುದು." ಸ್ವಲ್ಪ ಸುಮ್ಮನಿದ್ದು, "ಅಲ್ಲಿಗೆ ಯಾರಾದ್ರೂ ಬಂದ್ರೆ ಇಲ್ಲಿಂದ ಗೊತ್ತಾಗ್ತದೆ ಅಲ್ವಾ?" ಅಂತ ಅವಳೇ ಕೇಳಿದಳು. ಅಲ್ಲಿಗೆ ಅವಳಿಗೆ ಕೋಟೆ ಅಂದರೆ ಏನು ಅಂತ ಅರ್ಥ ಆಯಿತು. ಅದಕ್ಕೆ ನಮಗೆ ಇಪ್ಪತ್ತು ನಿಮಿಷ ಬೇಕಾಯಿತು. ದಿನಕ್ಕೆ ಐದು ಜಾಗ ಇಟ್ಟುಕೊಂಡರೆ ಈ ಇಪ್ಪತ್ತು ನಿಮಿಷ ಎಲ್ಲಿಂದ ತರುವುದು?

40 ಎಕರೆ ಜಾಗ ಅದು, ಕೇರಳದ ಅತಿ ದೊಡ್ಡ ಕೋಟೆ. ಪೂರ್ತಿ ಸುತ್ತಬೇಕಂತ ಇಲ್ಲ. ನೇರ ಒಳಗೆ ನುಗ್ಗಲು ಆಗದ ಹಾಗೆ ಸುತ್ತಿ ಸುತ್ತಿ ಹೋಗುವ ಬಾಗಿಲು, ಮೆಟ್ಟಿಲಿರುವ ಕೆರೆ, ನಡುವಿನ ದೊಡ್ಡ ವೀಕ್ಷಣಾ ಬುರುಜು, ಕಡಲ ಬದಿಯ ಗೋಡೆ, ಇಷ್ಟು ನೋಡಿದರೆ ಎರಡೂವರೆ ಗಂಟೆ ಆಗುತ್ತದೆ. ಬುರುಜಿಗೆ ಮೆಟ್ಟಿಲಲ್ಲ, ಅಗಲವಾದ ಇಳಿಜಾರು ದಾರಿ, ಹಾಗಾಗಿ ಸಣ್ಣ ಮಕ್ಕಳೂ ಹತ್ತುತ್ತಾರೆ, ಮಾವನೂ ನಿಧಾನಕ್ಕೆ ಹತ್ತಿದರು. ಗೋಡೆಯ ಅಂಚು, ಕೆರೆಯ ಅಂಚು ಎರಡರಲ್ಲೂ ಎಚ್ಚರ ಇರಲಿ. ಐದು ವರ್ಷದವನ ಕೈಯನ್ನು ಯಾರು ಹಿಡಿಯುವುದು ಅಂತ ಕಾರಿನಿಂದ ಇಳಿಯುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಅಪ್ಪ ಹಿಡಿದಿದ್ದಾರೆ ಅಂತ ಅಮ್ಮ, ಅಮ್ಮ ಹಿಡಿದಿದ್ದಾಳೆ ಅಂತ ಅಪ್ಪ ಅಂದುಕೊಂಡರೆ ಅಪಾಯ.

ಹಿರಿಯರನ್ನು ಬಿಟ್ಟು ಹೋಗಬೇಡಿ. ಬುರುಜಿನ ಮೇಲೆ ಕೂತು ಮಗಳು ಕೇಳಿದಳು, ಆಮೇಲೆ ಕೋಟೆ ಯಾರದ್ದಾಯಿತು ಅಂತ. 1763ರಲ್ಲಿ ಹೈದರಾಲಿ ನಾಯಕರ ರಾಜಧಾನಿ ಬಿದನೂರು ಹಿಡಿದ ಮೇಲೆ ಮೈಸೂರಿನವರದ್ದು, 1799ರಲ್ಲಿ ಟಿಪ್ಪು ತೀರಿಕೊಂಡ ಮೇಲೆ ಇಂಗ್ಲಿಷರ ಕಂಪನಿಯದ್ದು ಅಂತ ನಾನು ಹೇಳಿದೆ. ಆಮೇಲಿನದ್ದನ್ನು ಮಾವ ಹೇಳಿದರು. ಅವರು ಹುಟ್ಟುವಾಗ ನಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸಿನ ಆಡಳಿತ. 1956ರ ನವೆಂಬರ್ 1ಕ್ಕೆ ಕೇರಳ ಆಯಿತು, ಅವರು ಆಗ ಮೂರನೇ ಕ್ಲಾಸು. ಆಮೇಲೆ ಕಣ್ಣೂರು ಜಿಲ್ಲೆ. 1984ರ ಮೇ 24ಕ್ಕೆ ಕಾಸರಗೋಡು ಜಿಲ್ಲೆ. "ಮನೆ ಅದೇ, ಬಾವಿ ಅದೇ, ತೋಟ ಅದೇ. ಜಿಲ್ಲೆ ಮಾತ್ರ ಮೂರು" ಅಂದರು. ಮಗಳು ಮೂರೂ ಹೆಸರನ್ನು ಬರೆದುಕೊಂಡಳು. ಈ ಮಾತನ್ನು ಅಜ್ಜನ ಬಾಯಿಯಿಂದ, ಕೋಟೆಯ ಮೇಲೆ ಕೂತು ಕೇಳಿದ ಮಗುವಿಗೆ ಅದು ಇತಿಹಾಸದ ಪಾಠ ಅನ್ನಿಸುವುದಿಲ್ಲ, ಮನೆಯ ಸುದ್ದಿ ಅನ್ನಿಸುತ್ತದೆ.

ಮಧ್ಯಾಹ್ನ ಊಟ, ನಿದ್ದೆ ಆದ ಮೇಲೆ ನಾಲ್ಕೂವರೆಗೆ ಚಂದ್ರಗಿರಿ ಕೋಟೆ. ಮೇಲ್ಪರಂಬದ ಹತ್ತಿರ ಹೊಳೆಯ ದಕ್ಷಿಣ ದಂಡೆಯಲ್ಲಿ, ಕಡಲಿನಿಂದ 150 ಅಡಿ ಎತ್ತರದಲ್ಲಿದೆ. ಏಳು ಎಕರೆ. ಬೇಕಲ ನೋಡಿ ಬಂದವರಿಗೆ ಸಣ್ಣದು ಅನ್ನಿಸಬಹುದು, ನನಗೆ ಮಾತ್ರ ಇದೇ ಹೆಚ್ಚು ಇಷ್ಟ. ಇಲ್ಲಿ ನಿಂತರೆ ನಕ್ಷೆಯಲ್ಲಿ ಎಳೆದ ಗೆರೆ ಕಣ್ಣೆದುರು ಇರುತ್ತದೆ: ಹೊಳೆ, ಸಂಕ, ತೆಂಗಿನ ತೋಟ, ಹೊಳೆ ಕಡಲು ಸೇರುವ ಜಾಗ. ಹಿಂದಿನವರು ಈ ಹೊಳೆಯನ್ನೇ ತುಳುನಾಡಿನ ಗಡಿ ಅಂತಿದ್ದರು. ನಕ್ಷೆಯನ್ನು ಕಾರಿನಲ್ಲೇ ಬಿಟ್ಟು ಹತ್ತಬೇಡಿ, ಮೇಲೆ ಬಿಡಿಸಿ ಇಟ್ಟು ಹೋಲಿಸಿ ನೋಡಿ. ಮೇಲೆ ಅಂಗಡಿ ಇಲ್ಲ, ನೀರು ಕೊಂಡುಹೋಗಿ. ಗೋಡೆಗೆ ಹಿಡಿಕೆ ಇಲ್ಲದ ಕಡೆ ಮಕ್ಕಳನ್ನು ಹತ್ತಿಸಬೇಡಿ. ಹೊತ್ತು ಮುಳುಗುವುದನ್ನು ನೋಡಿ, ಕತ್ತಲಾಗುವ ಮೊದಲೇ ಇಳಿಯಿರಿ.

ಹೊಸದುರ್ಗ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಬೇಕಲದಿಂದ ಹನ್ನೆರಡು ಕಿಲೋಮೀಟರ್ ದಕ್ಷಿಣಕ್ಕೆ. ಮಗಳು ಹೆಸರಿನ ಆಸೆಗೆ ಹಟ ಮಾಡಿದ್ದರಿಂದ ಮೂರನೇ ದಿನ ಬೆಳಿಗ್ಗೆ ಹೋಗಿ ಬಂದೆವು. ಕೋಟೆಯ ಉಳಿದ ಗೋಡೆ, ಹತ್ತಿರವೇ ನಿತ್ಯಾನಂದಾಶ್ರಮ, ಅಲ್ಲಿ ಕಲ್ಲಿನಲ್ಲಿ ಕೊರೆದ 45 ಗುಹೆಗಳು. ಮಕ್ಕಳು ಕೇಳಿದರೆ ಮಾತ್ರ ಸೇರಿಸಿಕೊಳ್ಳಿ. ಮಂಗಳೂರು ಕಡೆಯಿಂದ ಬರುವವರು ವಾಪಸ್ ಹೋಗುವಾಗ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಯವರ ಮನೆ ಗಿಳಿವಿಂಡು ನೋಡಬಹುದು. ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ, ಮಕ್ಕಳನ್ನು ಮುಚ್ಚಿದ ಬಾಗಿಲಿನ ಎದುರು ನಿಲ್ಲಿಸುವುದು ಇನ್ನು ಬೇಡ.

ಮನೆಗೆ ಬಂದ ಮೇಲೆ ಪ್ರಬಂಧ ಬರೆಸಬೇಡಿ. ಪುಸ್ತಕವನ್ನು ಅವರ ಕೈಯಲ್ಲೇ ಬಿಡಿ. ನನ್ನ ಮಗಳು ನಕ್ಷೆಯನ್ನು ಅನ್ನ ಮೆತ್ತಿ ಪುಸ್ತಕಕ್ಕೆ ಅಂಟಿಸಿದಳು. ಒಂದು ವಾರ ಬಿಟ್ಟು ನೋಡಿದರೆ ಹಾಳೆಯ ಮೇಲ್ಭಾಗದಲ್ಲಿ, ತಲಪಾಡಿಗಿಂತಲೂ ಮೇಲೆ, ಇನ್ನೊಂದು ಹಾಳೆ ಜೋಡಿಸಿ ಘಟ್ಟ ಬರೆದಿದ್ದಳು. ಅದರಾಚೆ ಕೆಳದಿ, ಇಕ್ಕೇರಿ, ಬಿದನೂರು. ಬಿದನೂರು ಅಂದರೆ ಈಗಿನ ನಗರ, ಅಲ್ಲೂ ಶಿವಪ್ಪ ನಾಯಕನ ಕೋಟೆ ಇದೆ, ಇಕ್ಕೇರಿಯಲ್ಲಿ ಅಘೋರೇಶ್ವರ ದೇವಸ್ಥಾನ ಇದೆ ಅಂತ ಅಜ್ಜನಿಂದ ಕೇಳಿ ತಿಳಿದುಕೊಂಡಿದ್ದಾಳೆ. ಮುಂದಿನ ಕ್ರಿಸ್‌ಮಸ್ ರಜೆಗೆ ಸಾಗರದಲ್ಲಿ ಎರಡು ರಾತ್ರಿ ಉಳಿಯುವುದು ಅಂತ ಮಾಡಿದ್ದೇವೆ. ಘಟ್ಟದ ದಾರಿಯಲ್ಲಿ ಸುತ್ತು ಜಾಸ್ತಿ, ಮಗನಿಗೆ ಶುಂಠಿ ಮಿಠಾಯಿ ಈಗಲೇ ತಂದಿಟ್ಟಿದ್ದೇನೆ.